ಅತ್ತೆಯ ಹೆಗಲ ಪಕ್ಕದ ತೂತು

ಮೊನ್ನೆ ಸೋದರಮಾವನ ಮಗ ಹೊಸ ಕಾರು ತಂದು ನನ್ನನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡ. ಹಾಡು ಶುರುವಾಯಿತು ನೋಡಿ, ಬೆನ್ನ ಹಿಂದೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ಧಿಮ್ ಧಿಮ್. "ವೂಫರ್ ಹೆಂಗೈತೆ ಭಾವ?" ಎಂದ. ನಾನು ಬೆನ್ನನ್ನು ಸೀಟಿನಿಂದ ಒಂದು ಗೇಣು ಮುಂದೆ ತಂದುಕೊಂಡು, ದೇವರೇ, ಈ ಹಾಡು ಮುಗಿಯದಿರಲಿ ಅಂದುಕೊಳ್ಳುತ್ತಿದ್ದೆ. ನಗಬೇಡಿ, ಕಾರಣವಿದೆ.

ಎಂಬತ್ತರ ದಶಕ. ಇವನಪ್ಪ, ಅಂದರೆ ನನ್ನ ಮಾವ, ಗುಬ್ಬಿಯಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದ. ಅದರ ಟೇಪು ನೆಗಡಿಯಾದವರ ಹಾಗೆ ಹಾಡುತ್ತಿತ್ತು. "ಕುಣಿಗಲ್ ಸ್ಟ್ಯಾಂಡಲ್ಲಿ ಒಂದು ವ್ಯಾನೈತೆ ಕಣ್ಲಾ, ಹಾಡಾಕಿದ್ರೆ ಎದೆ ನಡುಗ್ತದೆ" ಎಂದು ಮಾವ ಹೊಟ್ಟೆ ಉರಿದುಕೊಂಡ. ಆಗ ನಾನು ಕಾಲೇಜು ಹುಡುಗ. ತುಮಕೂರಿನ ರೇಡಿಯೋ ರಿಪೇರಿ ಅಂಗಡಿಯ ಬೆಂಚಿನಲ್ಲಿ ಕೂತು ಟೀ ಕುಡಿದದ್ದಷ್ಟೇ ನನ್ನ ಇಂಜಿನಿಯರಿಂಗ್. "ನಾನ್ ಮಾಡ್ತೀನಿ ಬುಡು ಮಾವ" ಅಂದೆ.

ಹಿಂದಿನ ಸೀಟಿಗೂ ಗಾಜಿಗೂ ನಡುವಿನ ಜಾಗದ ಅಳತೆಗೆ ಪ್ಲೈವುಡ್ ಕೊಯ್ದು ಪೆಟ್ಟಿಗೆ ಮಾಡಿದೆ. ದೊಡ್ಡ ಸ್ಪೀಕರು ಕೂರಿಸಿ, ಪಕ್ಕದಲ್ಲಿ ಗಾಳಿಯಾಡಲು ಅಂಗೈಯಗಲದ ತೂತು ಕೊರೆದೆ. ಒಳಗೆ ಹತ್ತಿ ತುಂಬಬೇಕೆಂದು ರಿಪೇರಿಯವನು ಹೇಳಿದ್ದ. ಗುಬ್ಬಿಯಲ್ಲಿ ಹತ್ತಿಯೇಕೆ? ಕೊಬ್ಬರಿ ಮಂಡಿಯ ಹಿಂದೆ ತೆಂಗಿನ ನಾರು ಗುಡ್ಡೆ ಬಿದ್ದಿತ್ತು. ಬಾಚಿ ತಂದು ತುರುಕಿ ಬೋಲ್ಟು ಬಿಗಿದೆ. ಹಾಡು ಹಾಕಿದ ಏಟಿಗೆ ನಿಟ್ಟೂರಿನಲ್ಲಿ ನಿಂತಿದ್ದ ರೈಲು ಬೆಚ್ಚಿ ಹೊರಟುಹೋಯಿತಂತೆ. ಈ ಸುದ್ದಿ ಹಬ್ಬಿಸಿದವನೂ ನಾನೇ.

ಮೊದಲ ಸವಾರಿ ತುಂಬು ಬಸುರಿ ಅತ್ತೆಯದು. ಹೆರಿಗೆಗೆಂದು ಕುಣಿಗಲ್ಲಿನ ತವರಿಗೆ ಹೊರಟಿದ್ದಳು. ಹಿಂದೆ ಅತ್ತೆ, ನಾನು. ನಮ್ಮಿಬ್ಬರ ಹೆಗಲ ನಡುವೆ ನನ್ನ ತೂತು. ತುಮಕೂರು ದಾಟುವಾಗ ಅತ್ತೆಗೆ ಜೋಂಪು ಹತ್ತಿತ್ತು. ಒಂದು ಹಾಡು ಮುಗಿಯಿತು. ಆ ಮೌನದಲ್ಲಿ ಹಿಂದೆ ಕರ ಕರ ಅಂದಿತು.

ತಿರುಗಿದೆ. ತೂತಿನಿಂದ ಇಕ್ಕಳದಂಥ ಎರಡು ಕೈ ಹೊರಬಂದಿದ್ದವು. ಅವುಗಳ ಹಿಂದೆ ಕರೀ ಚೇಳು. ಹೆಬ್ಬೆರಳಿನಷ್ಟು ದಪ್ಪ. ಅದೊಂದನ್ನು ಮಾತ್ರ ನಾನು ಇವತ್ತಿಗೂ ಹಿಗ್ಗಿಸಿ ಹೇಳಬೇಕಾಗಿಲ್ಲ. ಅತ್ತೆಯ ಕತ್ತು ಅಲ್ಲೇ ಇತ್ತು. ಅಷ್ಟರಲ್ಲಿ ಮುಂದಿನ ಹಾಡು ಧಿಮ್ಮೆಂದಿತು. ಚೇಳು ಒಳಗೆ ಸರಿಯಿತು.

ಹಾಡಿರುವ ತನಕ ಅದು ಒಳಗೆ. ಕೂಗಿದರೆ ಅತ್ತೆ ಬೆಚ್ಚಿಬೀಳುತ್ತಾಳೆ. ಮಾವ ಬೆಚ್ಚಿದರೆ ಎದುರಿಗೆ ಲಾರಿಗಳು.

"ಮಾವ, ವಸಿ ನಿಲ್ಸು. ಅರ್ಜೆಂಟು."

"ಹೆಬ್ಬೂರ್ಗಂಟ ತಡ್ಕೊಳ್ಲಾ! ಬಸ್ರಿ ಹೆಂಗ್ಸೇ ಸುಮ್ನೆ ಕೂತವ್ಳೆ, ಇವನ್ದೊಂದು!"

ಆ ಕೂಗಿಗೆ ಅತ್ತೆ ಎಚ್ಚರಾದಳು. "ಆ ಹಾಡು ಆಫ್ ಮಾಡ್ರಿ, ತಲೆ ಸಿಡೀತೈತೆ."

"ಬ್ಯಾಡ ಅತ್ತೆ!" ಎಂದೆ. ಗಂಟಲಿನಿಂದ ಹೊರಟಿದ್ದು ಕೋಳಿಮರಿಯ ದನಿ.

ಮಾವ ಟೇಪು ಆರಿಸಿಬಿಟ್ಟ. ಕರ ಕರ.

ಯೋಚಿಸಲಿಲ್ಲ, ತೂತಿಗೆ ಅಂಗೈ ಒತ್ತಿದೆ. ಒಳಗಿನಿಂದ ಸಣ್ಣ ಕಾಲುಗಳು ಅಂಗೈಯನ್ನು ತಡವಿದವು. ಇನ್ನೇನು ಕುಟುಕಿತು, ಇನ್ನೇನು ಕುಟುಕಿತು ಎಂದು ಉಸಿರು ಹಿಡಿದೆ.

"ಅಲ್ಯಾಕೋ ಕೈ ಇಟ್ಟಿದೀಯ?" ಅತ್ತೆ ಕೇಳಿದಳು.

"ಬಿಸಿ ಆಯ್ತಾ ಅಂತ ನೋಡ್ತಿದೀನಿ."

ಅತ್ತೆ ನನ್ನ ಮುಖದ ಬೆವರನ್ನೊಮ್ಮೆ ನೋಡಿದಳು. ಆಮೇಲೆ ಮೆತ್ತಗೆ, "ರೀ, ಗಾಡಿ ನಿಲ್ಸಿ. ನಂಗೆ ಇಳೀಬೇಕು" ಎಂದಳು. ಮಾವ ತಕ್ಷಣ ಬ್ರೇಕು ಹಾಕಿದ. ಅವಳ ಎರಡು ಕಾಲೂ ನೆಲ ಮುಟ್ಟಿದ ಮೇಲೆ ನಾನು "ಚೇಳು!" ಎಂದು ಕಿರುಚಿದೆ.

ರಸ್ತೆ ಬದಿಯಲ್ಲಿ ಬೋಲ್ಟು ಬಿಚ್ಚಿ ನಾರು ಸುರಿದೆವು. ಚೇಳು ಹೊರಬಂತು. ಅದರ ಬೆನ್ನ ತುಂಬ ಬೆಳ್ಳನೆಯ ಮರಿಗಳು. ಮಾವ ಚಪ್ಪಲಿ ಎತ್ತಿದ.

"ಬುಡ್ರಿ," ಅತ್ತೆ ಹೊಟ್ಟೆ ಹಿಡಿದುಕೊಂಡು ಅಂದಳು, "ಅದು ಬಾಣಂತಿ."

ಚಪ್ಪಲಿ ಕಾಲಿಗೇ ವಾಪಸಾಯಿತು. ಚೇಳು ಬೇಲಿ ಸೇರಿತು. ಕುಣಿಗಲ್ ತನಕ ಯಾರೂ ಹಾಡು ಕೇಳಲಿಲ್ಲ.

ಮೊನ್ನೆಯೂ ಹಾಡು ಮುಗಿಯಿತು. ಗೊತ್ತಿಲ್ಲದೆ ನನ್ನ ಕೈ ಹಿಂದಕ್ಕೆ ಹೋಗಿತ್ತು. ಅಲ್ಲೂ ಒಂದು ತೂತಿತ್ತು.

"ಅಲ್ಯಾಕೆ ಭಾವ ಕೈ ಇಟ್ಟಿದೀಯ?" ಥೇಟ್ ಅವನಮ್ಮನ ದನಿ. ಅವತ್ತು ಆ ಕಾರಿನಲ್ಲಿ ಅವನೂ ಇದ್ದ, ಪಾಪ, ಅವನಿಗೇನು ಗೊತ್ತು.

"ಇನ್ನೊಂದ್ ಹಾಡು ಹಾಕ್ಲಾ ಭಾವ?"

"ಬ್ಯಾಡ ಬುಡಪ್ಪ" ಎಂದು ಮೊದಲ ಸಲ ಬೆನ್ನು ಒರಗಿಸಿದೆ. ಕೈ ಮಾತ್ರ ಇಳಿಯುವ ತನಕ ತೆಗೆಯಲಿಲ್ಲ.