ಸೂರಮ್ಮನ ಸುಟ್ಟ ನಾಲಿಗೆ

ಕೊಂಡ್ಲಹಳ್ಳಿಯ ಆಚೆಗಿನ ಹಟ್ಟಿಯಲ್ಲಿ ಸೂರಮ್ಮನ ಸಾರಿಗೆ ಉಪ್ಪು ಹೆಚ್ಚಾದರೂ ಯಾರೂ ಆಡಿಕೊಳ್ಳುವುದಿಲ್ಲ. ಅವಳ ನಾಲಿಗೆಗೆ ರುಚಿ ತಿಳಿಯದು. ಅದು ಹೇಗಾಯಿತೆಂದು ಎಲ್ಲರಿಗೂ ಗೊತ್ತು. ಯಾಕಾಯಿತೆಂದು ಅವಳೊಬ್ಬಳಿಗೇ ಗೊತ್ತು.

ಅದು ಮ್ಯಾಸಬೇಡರ ಹಟ್ಟಿ. ಅಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ. ಗಂಡುಮಕ್ಕಳು ಹತ್ತು ಹನ್ನೆರಡು ವರ್ಷಕ್ಕೆ ಬಂದಾಗ ಊರಾಚೆ ತಂಗಡಿ ಗಿಡಗಳ ನಡುವೆ ಸೊಪ್ಪಿನ ಗುಡಿಸಲು ಹಾಕಿ, ಕುಲದ ಹಿರಿಯನೊಬ್ಬ ಕ್ಷೌರದ ಕತ್ತಿಯಿಂದ ಮುಂದೊಗಲು ತೆಗೆಯುತ್ತಿದ್ದ. ಅಲ್ಲಿಂದ ಬಂದವನು ಗಂಡಸರ ಪಂಕ್ತಿಯಲ್ಲಿ ಕೂತು ಉಣ್ಣಬಹುದಿತ್ತು. ಹೆಂಗಸರು ಆ ಕಡೆ ಸುಳಿಯುವಂತಿರಲಿಲ್ಲ. ಎಷ್ಟೋ ಹಟ್ಟಿಗಳಲ್ಲಿ ಅದು ನಿಂತುಹೋಗಿತ್ತು. ಇಲ್ಲಿ ತೊಂಬತ್ತಾರನೇ ಇಸವಿಯಲ್ಲೂ ನಡೆದಿತ್ತು.

ಸೂರಮ್ಮ ಚಿಕ್ಕವಳಿದ್ದಾಗ ಮೊಳಕಾಲ್ಮೂರಿನ ಕಡೆಯ ತವರಿನಲ್ಲಿ ಅವಳ ಅಣ್ಣ ಚಿಕ್ಕೀರಪ್ಪ ಹಾಗೆ ಗುಡಿಸಲಿಗೆ ಹೋದವನು ತಿರುಗಿ ಬರಲಿಲ್ಲ. ರಕ್ತ ನಿಲ್ಲಲೇ ಇಲ್ಲ. ಅರಿಸಿನ, ಬೂದಿ, ಏನು ಮೆತ್ತಿದರೂ ತೋಯ್ದು ಜಾರುತ್ತಿತ್ತಂತೆ. ಹುಡುಗ ಕದ್ದು ಕೋಳಿ ತಿಂದಿರಬೇಕು, ದೇವರು ಮುನಿದ ಎಂದು ಹಿರಿಯರು ತೀರ್ಮಾನಿಸಿದರು. ಆ ಕಳಂಕವನ್ನು ಗಂಡನ ಮನೆಯಲ್ಲಿ ಬಾಯಿಬಿಡುವುದಿಲ್ಲವೆಂದು ಆಣೆ ಮಾಡಿಸಿಕೊಂಡೇ ಅವ್ವ ಅವಳ ಮದುವೆ ಮಾಡಿದ್ದಳು.

ಮಗ ತಿಪ್ಪೇರುದ್ರನ ಹಾಲುಹಲ್ಲು ಬಿದ್ದ ದಿನ ಸಂಜೆಯಾದರೂ ಅವನು ಉಗುಳಿದ್ದೆಲ್ಲ ಕೆಂಪಾಗಿಯೇ ಇತ್ತು. ಆಟದಲ್ಲಿ ಎಡವಿದರೆ ಮೊಣಕಾಲು ಊದಿ ಬಿಸಿಯಾಗುತ್ತಿತ್ತು. ಚಳ್ಳಕೆರೆಯ ಡಾಕ್ಟರು, ನಿಮ್ಮ ಕಡೆ ಹೀಗೆ ರಕ್ತ ನಿಲ್ಲದವರು ಯಾರಾದರೂ ಇದ್ದರಾ ಎಂದು ಕೇಳಿದರು. ಪಕ್ಕದಲ್ಲಿ ಗಂಡ ನಾಗೇಂದ್ರಪ್ಪ ನಿಂತಿದ್ದ. ಇಲ್ಲ ಎಂದಳು.

ಮಗನ ಸರದಿ ಬಂದ ವರ್ಷ, ಕತ್ತಿ ಹಿಡಿಯುವ ಕಾಟಪ್ಪ ಕಟ್ಟೆಯ ಮೇಲೆ ಕೂತು ಕಲ್ಲಿಗೆ ಮಸೆಯುವ ಸದ್ದು ಅವಳ ಒಲೆಯವರೆಗೂ ಬರುತ್ತಿತ್ತು. ರೊಟ್ಟಿ ತಟ್ಟುವ ಕೈ ತನಗೇ ತಿಳಿಯದೆ ಆ ಸದ್ದಿಗೆ ಹೊಂದಿಕೊಳ್ಳುತ್ತಿತ್ತು. ತಿಳಿದೊಡನೆ ಹಿಟ್ಟು ಬಿಟ್ಟು ಎದ್ದುಬಿಡುತ್ತಿದ್ದಳು. ಈ ವರ್ಷ ಬೇಡ, ಹುಡುಗನ ಕಾಲು ಸರಿಯಿಲ್ಲ ಎಂದು ಗಂಡನಿಗೆ ಹೇಳಿ ನೋಡಿದಳು. ಕೊಯ್ಯೋದು ಕಾಲನ್ನಲ್ಲ ಎಂದು ಅವನು ನಕ್ಕ. ತಿಪ್ಪೇರುದ್ರನಂತೂ ಹೊಸ ಪಂಚೆ ಸುತ್ತಿಕೊಂಡು ಬೀದಿಯೆಲ್ಲ ತಿರುಗಿದ.

ಹುಡುಗರನ್ನು ಕರೆದೊಯ್ಯಲು ಗಂಡಸರು ಬಾಗಿಲಿಗೆ ಬಂದ ಬೆಳಗ್ಗೆ ಸೂರಮ್ಮ ಹೊಸ್ತಿಲಿಗೆ ಅಡ್ಡ ಕೂತಳು. ಅಣ್ಣನ ಹೆಸರು ಹೇಳಲೆಂದೇ ಬಾಯಿ ತೆರೆದಳು. ಹೇಳಿದರೆ ಅವನು ಕೋಳಿ ತಿಂದಿದ್ದಕ್ಕೇ ಸತ್ತನೆಂದು ಇವರೂ ಅನ್ನುತ್ತಾರೆ, ನಮ್ಮ ಹುಡುಗ ಅಂಥವನಲ್ಲ ಎಂದು ಕರೆದುಕೊಂಡು ಹೋಗಿಯೇ ಬಿಡುತ್ತಾರೆ ಅನ್ನಿಸಿತು. ಬಾಯಿಂದ ಬೇರೆಯೇ ಮಾತು ಬಂತು.

“ಇವ್ನು ಕೋಳಿ ತಿಂದವ್ನೆ. ಚಳ್ಳಕೆರೆ ಹೋಟ್ಲಾಗೆ ನಾನೇ ತಿನ್ಸಿದೆ.”

“ಅವ್ವಾ, ನಾನೆಲ್ಲಿ…” ಎಂದ ಮಗನ ಬಾಯನ್ನು ಅಂಗೈಯಿಂದ ಒತ್ತಿ ಹಿಡಿದಳು.

ಕಾಟಪ್ಪ ಹಿಂದೆ ಸರಿದ. “ಈ ಹುಡುಗನ್ನ ನಾನು ಮುಟ್ಟಲ್ಲ ಕಣ್ಲೇ ನಾಗೇಂದ್ರ. ಕೋಳಿ ತಿಂದೋನ ರಕ್ತ ನಿಲ್ಲಲ್ಲ.”

ನಾಗೇಂದ್ರಪ್ಪ ಹೆಂಡತಿಯನ್ನೇ ನೋಡಿದ. “ನನ್ನ ಮಕ ಎಲ್ಲಿಟ್ಕೊಳ್ಳಲೇ ಸೂರಿ?”

ಕೋಳಿ ತಿನ್ನಿಸಿದ ತಪ್ಪಿಗೆ ಸಂಜೆ ಕುಲದವರೆದುರು ಕಾದ ಬಂಗಾರದ ಚೂರನ್ನು ಅವಳ ನಾಲಿಗೆಗೆ ಮುಟ್ಟಿಸಿದರು. ತಿಳಿಯದೆ ತಿಂದವನೆಂದು ಹುಡುಗನ ತಲೆಗೆ ನೀರು ಹುಯ್ದು ತೀರ್ಥ ಕೊಟ್ಟರು. ನಾಲಿಗೆ ಸುಡುವಾಗ ಅವಳ ಕಣ್ಣು ಮಗನ ಮೇಲಿತ್ತು. ಆಮೇಲೆ ಬಹಳ ಕಾಲ ನಾಗೇಂದ್ರಪ್ಪ ಅವಳ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ. ಮುಂದಿನ ವರ್ಷಗಳಲ್ಲೂ ಆ ಹುಡುಗನಿಗೆ ಕತ್ತಿ ತಾಗಿಸುವ ಧೈರ್ಯ ಕಾಟಪ್ಪನಿಗೆ ಬರಲಿಲ್ಲ. ಕಾಟಪ್ಪ ತೀರಿಕೊಂಡ ಮೇಲೆ ಗುಡಿಸಲೂ ಏಳಲಿಲ್ಲ.

ಈಗ ತಿಪ್ಪೇರುದ್ರನಿಗೆ ಮೀಸೆ ಬಂದಿದೆ. ಗಂಡಸರ ಪಂಕ್ತಿಯಲ್ಲಿ ಅವನಿಗೆ ಜಾಗವಿಲ್ಲ. ಆ ಸಿಟ್ಟು ಅವ್ವನ ಮೇಲೆ ಹಾಗೇ ಇದೆ. ಸಂತೆಗೆಂದು ಚಳ್ಳಕೆರೆಗೆ ಹೋದಾಗ ಅವನು ಕಟಿಂಗ್ ಶಾಪಿಗೆ ನುಗ್ಗಿದರೆ ಅವಳೂ ಹಿಂದೆಯೇ ಬರುತ್ತಾಳೆ. ಜನ ನಗ್ತಾರೆ, ಹೋಗವ್ವ ಎಂದು ಗದರುತ್ತಾನೆ. ಅವಳು ಹೋಗುವುದಿಲ್ಲ. ಬ್ಲೇಡು ಅವನ ಕೆನ್ನೆಯಿಂದ ಗಂಟಲಿಗೆ ಇಳಿಯುವಾಗ, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಅವನ ಕೊರಳಿಗೆ ಸುತ್ತಿದ ಬಿಳಿ ಬಟ್ಟೆಯನ್ನೇ ನೋಡುತ್ತ ಬಾಗಿಲಲ್ಲಿ ನಿಂತಿರುತ್ತಾಳೆ.