ಹಗೆಯವನ ಸ್ಕೂಟರ್

ಚಂದ್ರಾ ಲೇಔಟಿನ ಇನ್ನಾಸಪ್ಪನವರು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಲೇತ್ ಯಂತ್ರದ ಮುಂದೆ ನಿಂತವರು. ನಕ್ಷೆಯಲ್ಲಿ ಹನ್ನೆರಡು ಮಿಲಿಮೀಟರ್ ಎಂದಿದ್ದರೆ ಅವರ ಕೈಯಿಂದ ಹನ್ನೆರಡೇ ಆಗಿ ಬರುತ್ತಿತ್ತು. ೨೦೦೪ರಲ್ಲಿ ನಿವೃತ್ತರಾದ ಮೇಲೆ ಆ ಕರಾರುವಾಕ್ಕು ಬುದ್ಧಿಗೆ ಮಾಡಲು ಕೆಲಸವಿಲ್ಲದೆ, ಅದು ಮೆಲ್ಲಗೆ ದೇವರ ಕಡೆ ತಿರುಗಿತು.

ಪ್ರತಿ ಬುಧವಾರ ಸಂಜೆ ಚರ್ಚಿನಲ್ಲಿ ಬೈಬಲ್ ತರಗತಿ ನಡೆಯುತ್ತಿತ್ತು. ಹೊಸದಾಗಿ ಬಂದಿದ್ದ ಎಳೆ ಪ್ರಾಯದ ಫಾದರ್ ಹುರುಪಿನ ಮನುಷ್ಯ. "ಮೋಶೆ ಕಾಲದ ಮಾತು ಅಂತ ಪುಟ ಮಗುಚಿಬಿಡಬೇಡಿ. ಇದು ಇವತ್ತು ನಮ್ಮ ಬೀದೀಲಿ ಏನು ಮಾಡು ಅನ್ನುತ್ತೆ, ಕೇಳ್ಕೊಳ್ಳಿ" ಎಂದರು. ಉಳಿದ ಹದಿನಾಲ್ಕು ಜನ ತಲೆಯಾಡಿಸಿ ಮನೆಗೆ ಹೋಗಿ ಊಟ ಮಾಡಿದರು. ಇನ್ನಾಸಪ್ಪನವರು ಕೇಳಿಕೊಂಡರು.

ಅವತ್ತಿನ ಪಾಠ ಹಳೆಯ ಒಡಂಬಡಿಕೆಯದು, ದೇವರು ಮೋಶೆಯ ಕೈಯಲ್ಲಿ ಕೊಟ್ಟ ಆಜ್ಞೆಗಳಲ್ಲೊಂದು. ಹಗೆಯವನ ಎತ್ತಾಗಲಿ ಕತ್ತೆಯಾಗಲಿ ದಾರಿ ತಪ್ಪಿ ಅಲೆಯುವುದು ಕಣ್ಣಿಗೆ ಬಿದ್ದರೆ, ಹಿಡಿದು ತಂದು ಅವನಿಗೇ ಒಪ್ಪಿಸಬೇಕು.

"ಎತ್ತು ಅಂದ್ರೆ ಈಗ ಏನೇ?" ಎಂದು ಹೆಂಡತಿ ಲೂರ್ದಮ್ಮನವರನ್ನು ಕೇಳಿದರು.

"ಎತ್ತು ಅಂದ್ರೆ ಎತ್ತೇ. ಕೈ ತೊಳ್ಕೊಂಡ್ ಬನ್ನಿ."

ಅವರಿಗೆ ಸಮಾಧಾನವಾಗಲಿಲ್ಲ. ಭಾರ ಹೊರುತ್ತದೆ, ಹೊಟ್ಟೆಗೆ ಹಾಕಬೇಕು, ಮನೆ ಮುಂದೆ ನಿಲ್ಲಿಸುತ್ತಾರೆ, ಬೆಳಗಿನ ಹೊತ್ತು ಹಟ ಮಾಡುತ್ತದೆ. ಎರಡು ದಿನ ಯೋಚಿಸಿ, ಸ್ಕೂಟರ್ ಎಂದು ತೀರ್ಮಾನಿಸಿದರು. ಹಗೆಯವನು ಯಾರೆಂಬುದಕ್ಕೆ ಯೋಚನೆಯೇ ಬೇಕಿರಲಿಲ್ಲ. ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು ಸೇತುರಾಮ. ಇನ್ನಾಸಪ್ಪನವರ ನುಗ್ಗೆಮರದ ಕಂಬಳಿಹುಳುಗಳು ಕಾಂಪೌಂಡ್ ದಾಟಿ ಮೇಷ್ಟ್ರ ಮಡಿಪಂಚೆ ಹತ್ತಿದ ದಿನದಿಂದ, ಅಂದರೆ ನಾಲ್ಕು ವರ್ಷದಿಂದ, ಎರಡು ಮನೆಗೂ ಮಾತಿಲ್ಲ.

ಮುಂದಿನ ತಿಂಗಳು ಇನ್ನಾಸಪ್ಪನವರು ಜ್ಞಾನಭಾರತಿ ಕ್ಯಾಂಪಸ್ಸಿನೊಳಗೆ ಬೆಳಗಿನ ವಾಕಿಂಗ್ ಹೋಗಿದ್ದಾಗ, ನೀಲಗಿರಿ ಮರವೊಂದಕ್ಕೆ ಒರಗಿ ನಿಂತಿದ್ದ ತಿಳಿಹಸಿರು ಸ್ಕೂಟರ್ ಕಂಡಿತು. ಬೀದಿಗೆಲ್ಲ ಗುರುತಿದ್ದ ಗಾಡಿ. ಮೇಷ್ಟ್ರ ಮಾವ, ಅಂದರೆ ಹೆಂಡತಿ ತುಂಗಮ್ಮನವರ ತಂದೆ, ಸಾಯುವ ಮುಂಚೆ ಅಳಿಯನಿಗೆ ಕೊಟ್ಟದ್ದು. ಕಳುವಾಗಿ ಹದಿನೇಳು ದಿನವಾಗಿತ್ತು. ಇನ್ನಾಸಪ್ಪನವರು ಬಹಳ ಹೊತ್ತು ಅಲ್ಲೇ ನಿಂತರು. ಸ್ನೇಹಿತರದ್ದಾಗಿದ್ದರೆ ಒಂದು ಫೋನ್ ಮಾಡಿ ಸುಮ್ಮನಾಗಬಹುದಿತ್ತು. ಹಗೆಯವನದು, ಬಿಡುವ ಹಾಗಿರಲಿಲ್ಲ. ಗಾಳಿಯಿಲ್ಲದ ಚಕ್ರದಲ್ಲೇ ನಾಗರಬಾವಿ ದಾಟಿಸಿ ಮನೆ ತನಕ ತಳ್ಳಿದರು.

ತುಂಗಮ್ಮ ಗೇಟಿನಲ್ಲೇ ಅತ್ತರು. ಒಳಗೆ ಹೋಗಿ ಆರತಿ ತಂದು ಸ್ಕೂಟರಿಗೆ ಎತ್ತಿದರು. ಮೇಷ್ಟ್ರು ಪೇಪರ್ ಹಿಡಿದು ಹೊರಗೆ ಬಂದವರು ಗಾಡಿ ನೋಡಿ ಬಿಳಿಚಿಕೊಂಡರು. "ಥ್ಯಾಂಕ್ಸ್" ಎಂದರು. ನಾಲ್ಕು ವರ್ಷದಲ್ಲಿ ಅದೇ ಮೊದಲ ಮಾತು.

ಒಂಬತ್ತು ದಿನ ಕಳೆದಿರಲಿಲ್ಲ, ಸ್ಕೂಟರ್ ಮತ್ತೆ ಕಳುವಾಯಿತು. ಈ ಸಲ ಇನ್ನಾಸಪ್ಪನವರು ಕಣ್ಣಿಗೆ ಬೀಳಲಿ ಎಂದು ಕಾಯಲಿಲ್ಲ. ಕಳೆದ ಕುರಿಯನ್ನು ಹುಡುಕಿಕೊಂಡೇ ಹೋಗಬೇಕೆಂದು ಹೊಸ ಒಡಂಬಡಿಕೆ ಹೇಳುತ್ತದಲ್ಲ. ದಿನದ ಬಸ್ ಪಾಸ್ ಕೊಂಡು, ಬುತ್ತಿ ಕಟ್ಟಿಸಿಕೊಂಡು, ಮೂರು ದಿನ ಬಸವೇಶ್ವರನಗರ, ಅತ್ತಿಗುಪ್ಪೆ ಎಲ್ಲ ಸುತ್ತಿದರು. ನಾಲ್ಕನೆಯ ದಿನ ಕೆಂಗೇರಿ ರೈಲ್ವೆ ಸ್ಟೇಷನ್ನಿನ ಹಿಂದೆ ಸಿಕ್ಕಿತು. ಮೈಸೂರು ರಸ್ತೆಯ ಲಾರಿಗಳ ಮಧ್ಯೆ ತಳ್ಳಿಕೊಂಡು ಬರುವಾಗ ಮೂರು ಕಡೆ ಕೂತು ಸುಧಾರಿಸಿಕೊಂಡರು. ತುಂಗಮ್ಮ ಈ ಸಲ ಇನ್ನೂ ಜೋರಾಗಿ ಅತ್ತರು.

ಅವತ್ತು ಸಂಜೆ ಕಾಂಪೌಂಡಿನ ಆ ಕಡೆಯಿಂದ ಮೇಷ್ಟ್ರು ಕರೆದರು.

"ಇನ್ನಾಸಪ್ಪನವರೇ, ನಿಮ್ಮ ದಮ್ಮಯ್ಯ. ಗಾಡಿ ಬಿಟ್ಟು ಬಂದಿದ್ದು ನಾನೇ ಕಣ್ರೀ. ಎರಡು ಸಲಾನೂ."

ಇನ್ನಾಸಪ್ಪನವರು ಕಾಂಪೌಂಡಿನ ಹತ್ತಿರಕ್ಕೆ ಬಂದರು.

"ಅದು ಗಾಡಿ ಅಲ್ಲ, ನಮ್ಮ ಮಾವನೇ. ಮಲಗಿಸಿ ಎಬ್ಬಿಸದೆ ಸ್ಟಾರ್ಟ್ ಆಗಲ್ಲ. ಮಾರೋಣ ಅಂತ ನಮ್ಮವಳಿಗೆ ಹೇಳೋಕೆ ಬಾಯಿ ಬರಲ್ಲ, ಅವಳಪ್ಪ ಕೊಟ್ಟಿದ್ದು. ಕಳ್ತನ ಆದ್ರೆ ಯಾರ ತಪ್ಪೂ ಅಲ್ಲ ಅಂದ್ಕೊಂಡೆ. ನೀವು ತರ್ತಾನೇ ಇದೀರ. ನಿಮ್ಮ ಪುಸ್ತಕದಲ್ಲಿ, ಎತ್ತು ಬೇಡ ಅನ್ನೋನಿಗೆ ಏನೂ ಹೇಳಿಲ್ವಾ?"

ನ್ಯಾಯವಾದ ಪ್ರಶ್ನೆ. ಇನ್ನಾಸಪ್ಪನವರು ಬೈಬಲ್ಲನ್ನೂ ಕನ್ನಡಕವನ್ನೂ ತಂದು ಕಾಂಪೌಂಡಿನ ಮೇಲಿಟ್ಟು ಹುಡುಕಿದರು. ಹಾಯುವ ಎತ್ತಿನ ಬಗ್ಗೆ ಒಂದು ನಿಯಮ ಸಿಕ್ಕಿತು. ಅಂಥದ್ದನ್ನು ಕಲ್ಲು ಹೊಡೆದು ಕೊಲ್ಲಬೇಕು. ಮೇಷ್ಟ್ರ ಮುಖ ಅರಳಿತು. ಪಂಚೆ ಎತ್ತಿ, ಮೊಣಕಾಲಿನ ಕೆಳಗೆ ಕಿಕ್ಕರ್ ಹಿಂದಕ್ಕೆ ಹೊಡೆದು ಆಗಿದ್ದ ಗಾಯದ ಕಲೆ ತೋರಿಸಿದರು.

ಇನ್ನಾಸಪ್ಪನವರು ಬಗ್ಗಿ ನೋಡಿದರು. ಮತ್ತೆ ಪುಸ್ತಕ ನೋಡಿದರು.

"ಈ ನಿಯಮ ಅನ್ವಯಿಸಬೇಕಾದ್ರೆ ನೀವು ಸತ್ತಿರಬೇಕಾಗಿತ್ತು ಸಾರ್."

"ಸತ್ತಿಲ್ಲ" ಎಂದರು ಮೇಷ್ಟ್ರು, ತಮ್ಮದೇ ಲೋಪ ಎನ್ನುವಂತೆ.

ಬೆಳಗಾದರೆ ಹೆಡ್ ಕಾನ್‌ಸ್ಟೇಬಲ್ ಪಂಚಾಕ್ಷರಿ ಇನ್ನಾಸಪ್ಪನವರ ಬಾಗಿಲಲ್ಲಿ ನಿಂತಿದ್ದರು. ಊರಿಗೆ ತೋರಿಸಲು ಮೇಷ್ಟ್ರು ಎರಡು ಸಲವೂ ದೂರು ಕೊಟ್ಟಿದ್ದರು, ಎರಡು ಸಲವೂ ಗಾಡಿ ಸಿಕ್ಕಿದ್ದು ಒಬ್ಬರಿಗೇ.

"ಎರಡು ಸಲ ಕದ್ದು ಎರಡು ಸಲ ವಾಪಸ್ ಕೊಟ್ಟಿದೀರ. ಏನ್ ಲಾಭ ಇದ್ರಲ್ಲಿ?"

"ಕದ್ದಿಲ್ಲ ಸಾರ್. ಸಿಕ್ಕಿದ್ರೆ ವಾಪಸ್ ಮಾಡು ಅಂತ ಆಜ್ಞೆ ಇದೆ."

"ಯಾರು ಹೇಳಿದ್ದು?"

"ಮೋಶೆ."

ಪಂಚಾಕ್ಷರಿ 'ಮೋಸ' ಎಂದು ಬರೆದುಕೊಂಡು, "ಒಪ್ಕೊಂಡ್ರಲ್ಲ, ಒಳ್ಳೇದಾಯ್ತು. ನಡೀರಿ ಸ್ಟೇಷನ್‌ಗೆ" ಎಂದರು.

ಸುದ್ದಿ ತಿಳಿದು ಅರ್ಧ ಗಂಟೆಯಲ್ಲಿ ಸೇತುರಾಮ ದಂಪತಿ ಆಟೋದಲ್ಲಿ ಬಂದರು. ಬೆಂಚಿನ ಮೇಲೆ ಬೈಬಲ್ ಹಿಡಿದು ಕೂತ ಇನ್ನಾಸಪ್ಪನವರನ್ನು ನೋಡಿ ಮೇಷ್ಟ್ರು ನೆಟ್ಟಗೆ ಮೇಜಿನ ಹತ್ತಿರ ಹೋದರು. ಕಾನ್‌ಸ್ಟೇಬಲ್ ಎದುರಿಗೇ, ಹೆಂಡತಿಯ ಎದುರಿಗೇ, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿಬಿಟ್ಟರು.

ತುಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನನಗೂ ಅದು ಬೇಡವಾಗಿತ್ತು. ಅಪ್ಪ ಅದರ ಮೇಲೆ ಕೂರಿಸ್ಕೊಂಡು ದಾರಿಯುದ್ದಕ್ಕೂ ಬೈತಾ ಇದ್ರು. ನಿಮಗೆ ಇಷ್ಟ ಅಂತ ಇಟ್ಕೊಂಡಿದ್ದೆ."

"ಮತ್ತೆ ಅಷ್ಟೊಂದು ಅತ್ತಿದ್ದು?"

"ವಾಪಸ್ ಬಂತಲ್ಲ ಅಂತ."

ಪಂಚಾಕ್ಷರಿ ಪೆನ್ನಿಗೆ ಮುಚ್ಚಳ ಹಾಕಿ ಕಾಫಿ ತರಿಸಿದರು. ಸುಳ್ಳು ದೂರಿಗೆ ಮೇಷ್ಟ್ರಿಂದ ತಪ್ಪೊಪ್ಪಿಗೆ ಬರೆಸಿಕೊಂಡು ಎಚ್ಚರಿಕೆ ಕೊಟ್ಟು ಬಿಟ್ಟರು. ಸ್ಕೂಟರ್ ಗುಜರಿಗೆ ಹೋಯಿತು. ಅದನ್ನು ತಳ್ಳಿಕೊಂಡು ಹೋಗಲು ಗಂಡ ಹೆಂಡತಿ ಇಬ್ಬರೂ ಹೋದರು.

ಕಥೆ ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಅವತ್ತು ಠಾಣೆಯಿಂದ ಹೊರಬರುವಾಗ ಇನ್ನಾಸಪ್ಪನವರು ಹಿಂದಿನ ಅಂಗಳ ನೋಡಿದರು. ಬಳ್ಳಿ ಹಬ್ಬಿ, ಸೀಟು ಹರಿದು, ಒಂದರ ಮೇಲೊಂದು ಒರಗಿ ಎಪ್ಪತ್ತಕ್ಕೂ ಹೆಚ್ಚು ಗಾಡಿಗಳು ನಿಂತಿದ್ದವು.

"ಇವೆಲ್ಲ ಯಾರ್ದು ಸಾರ್?"

"ವಾರಸುದಾರರು ಬಂದಿಲ್ಲ" ಎಂದರು ಪಂಚಾಕ್ಷರಿ. ಅಂದ ಮೇಲೆ ಇನ್ನಾಸಪ್ಪನವರ ಮುಖ ನೋಡಿ, ಅನ್ನಬಾರದಿತ್ತು ಎಂದುಕೊಂಡರು.

ಮುಂದಿನ ಎರಡು ವರ್ಷ ಇನ್ನಾಸಪ್ಪನವರು ಪ್ರತಿ ಮಂಗಳವಾರ ಠಾಣೆಗೆ ಹೋದರು. ಸಾಹೇಬರ ಅಪ್ಪಣೆ ಪಡೆದು ಬಳ್ಳಿ ಸರಿಸಿ ನಂಬರ್ ಓದುವುದು ಅವರ ಕೆಲಸ, ಹಳೆಯ ಕಡತದಲ್ಲಿ ವಿಳಾಸ ಹುಡುಕಿಸುವುದು ಪಂಚಾಕ್ಷರಿಯವರ ಕರ್ಮ. ಪೋಸ್ಟ್ ಕಾರ್ಡ್ ಬರೆಯುತ್ತಿದ್ದವರು ಸೇತುರಾಮ ಮೇಷ್ಟ್ರು, ಅವರ ಅಕ್ಷರ ದುಂಡಗಿತ್ತು. ಬಂದ ಉತ್ತರಗಳಲ್ಲಿ ಮುಕ್ಕಾಲುಪಾಲು, ದಯವಿಟ್ಟು ಇನ್ನು ಬರೆಯಬೇಡಿ ಎಂದೇ ಇದ್ದವು.

ಹುಡುಕಿಕೊಂಡು ಬಂದವರಲ್ಲಿ ಮೊದಲನೆಯವಳು ಕಟ್ಟಡದ ಕೆಲಸದ ಗುರವ್ವ, ತೀರಿಹೋದ ಅಣ್ಣನ ಮೊಪೆಡ್ಡಿಗಾಗಿ. "ಇದ ನೋಡ್ರಿ, ಇದ" ಎಂದು ಹ್ಯಾಂಡಲ್ ಹಿಡಿದು ನಿಂತವಳು ಬಹಳ ಹೊತ್ತು ಕೈ ಬಿಡಲಿಲ್ಲ. ಚಕ್ರ ಎರಡೂ ಚಪ್ಪಟೆಯಾಗಿದ್ದವು. ಪಂಕ್ಚರ್ ಅಂಗಡಿಯವರೆಗೆ ಅವಳು ಹ್ಯಾಂಡಲ್ ಹಿಡಿದಳು, ಇನ್ನಾಸಪ್ಪನವರೂ ಮೇಷ್ಟ್ರೂ ಹಿಂದಿನಿಂದ ತಳ್ಳಿದರು.