ಹೂಮಳೆಗೊಂದು ಗಡಿಯಾರ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳಲ್ಲಿ ಅಮ್ಮ ಈಗ ಪೆನ್ನು, ಪಿನ್ನು ಹಾಕಿಡುತ್ತಾಳೆ. ಆಗೆಲ್ಲ ವಿಷಯದ ಪರವೋ ವಿರೋಧವೋ ಎಂದು ಚೀಟಿ ಎತ್ತಿದ ಮೇಲೆಯೇ ನನ್ನ ಅಭಿಪ್ರಾಯ ಏನೆಂದು ನನಗೂ ತಿಳಿಯುತ್ತಿತ್ತು. ಈ ತರಬೇತಿಗೆ ತಕ್ಕ ಕೆಲಸ ಚಿಕ್ಕಮಗಳೂರಿನಲ್ಲೇ ಸಿಕ್ಕಿತು: ವೆಬ್‌ಸೈಟಿಗೆ ಬಂದವರು ಇಮೇಲ್ ವಿಳಾಸ ಕೊಟ್ಟೇ ಹೋಗುವ ಹಾಗೆ ಪುಟ ಮಾಡುವುದು.

ಬಾಳೂರಿನ ಚಿಕ್ಕಮ್ಮ ನನ್ನನ್ನು ಕರೆಸಿದ್ದು ಅದಕ್ಕೇ. ತೋಟದ ಲೆಕ್ಕ ಬರೆಯುವ ರೈಟರ್ ಮೊದಲು ವಾಸವಿದ್ದ ಎರಡು ಕೋಣೆಗೆ ಸುಣ್ಣ ಬಳಿಸಿ, ಮಂಚ ಹಾಕಿಸಿ ಹೋಂಸ್ಟೇ ಮಾಡಿದ್ದರು. ಬಂದವರು ಕಡಿಮೆ. ಈ ಸಲ ಕಾಫಿ ಹೂವಿನ ಹೊತ್ತಿಗೂ ಖಾಲಿ ಬಿದ್ದಿದ್ದರೆ ಅಲ್ಲಿ ಗೊಬ್ಬರದ ಚೀಲ ಪೇರಿಸುವುದೇ ಸರಿ ಎಂದು ಚಿಕ್ಕಪ್ಪ ಹೇಳಿಯಾಗಿತ್ತು. ಗೊಬ್ಬರಕ್ಕೆ ಆರ್ಡರೂ ಕೊಟ್ಟಾಗಿತ್ತು.

ಚಿಕ್ಕಮ್ಮನ ಯೋಚನೆಯಲ್ಲಿ ತಪ್ಪೇನಿರಲಿಲ್ಲ. ಪೇಟೆಯವರಿಗೆ ಕಾಫಿ ಹೂ ನೋಡುವ ಆಸೆ, ಆದರೆ ಯಾವಾಗ ಅರಳುತ್ತದೆಂದು ಯಾರೂ ಹೇಳಲಾರರು. ಬೇಸಿಗೆಯ ಹೂಮಳೆ ಬಿದ್ದು ವಾರ ಕಳೆದ ಮೇಲೆ ಇಡೀ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನಕ್ಕೆ ಮುಗಿದೂ ಹೋಗುತ್ತದೆ. ಇಮೇಲ್ ಕೊಟ್ಟವರಿಗೆ ಮಳೆ ಬಿದ್ದ ಕೂಡಲೇ ಒಂದು ಸುದ್ದಿ ಕಳಿಸುವುದು. ಅಷ್ಟೇ.

ನಾನು ಮಾಡಿದ ಮೊದಲ ಪುಟದಲ್ಲಿ ಕಾಫಿ ಲೋಟ ಹಿಡಿದು ನಗುವ ಹುಡುಗಿಯಿದ್ದಳು. 'ಕೆಲವೇ ಜಾಗಗಳು ಬಾಕಿ' ಎಂದಿತ್ತು. ಪುಟದ ಮೇಲ್ತುದಿಯಲ್ಲಿ ಸೊನ್ನೆಯ ಕಡೆಗೆ ಹಿಂದಕ್ಕೆ ಓಡುವ ಗಡಿಯಾರ. ಇಮೇಲ್ ಅಲ್ಲದೆ ಹೆಸರು, ಫೋನು, ಊರು, ಹುಟ್ಟಿದ ದಿನಕ್ಕೂ ಖಾನೆ.

"ಇದು ಎಂತಕ್ಕೆ ಓಡ್ತಾ ಇರದು?" ಚಿಕ್ಕಮ್ಮ ಗಡಿಯಾರಕ್ಕೆ ಬೆರಳಿಟ್ಟರು.

"ಸಮಯ ಮುಗೀತಾ ಬಂತು ಅಂತ."

"ಮಳೆನೇ ಬರ್ಲಿಲ್ಲ ಮಾರಾಯ್ತಿ. ಮುಗಿಯದು ಎಂತ?"

"ಅವಸರ ಹುಟ್ಟಿಸ್ಬೇಕು ಚಿಕ್ಕಮ್ಮ. ಇಲ್ಲಾಂದ್ರೆ ಆಮೇಲೆ ನೋಡಣ ಅಂತ ಹೋಗ್ಬಿಡ್ತಾರೆ."

"ಸೊನ್ನೆ ಆದ್ಮೇಲೆ?"

"ಮತ್ತೆ ಮೊದ್ಲಿಂದ ಶುರುವಾಗುತ್ತೆ."

ಅವರ ಬೆರಳು ಕೆಳಗಿನ ಖಾನೆಗಳಿಗೆ ಇಳಿಯಿತು. "ಹುಟ್ಟಿದ ದಿನ ಎಂತಕ್ಕೆ? ಗೇಟಲ್ಲಿ ನಿಂತವ್ರ ಹತ್ರ ಜಾತಕ ಕೇಳ್ತೀಯಾ?"

ನಾನು ಅಷ್ಟಕ್ಕೇ ಬಿಡುವವಳಲ್ಲ. ಸುಳ್ಳು ಹೇಳುವುದು ಬೇರೆ, ಒಂದು ಪಕ್ಷ ಮಾತ್ರ ಹೇಳುವುದು ಬೇರೆ ಎಂದು ವಾದಿಸಿದೆ. ವೇದಿಕೆಯ ಮೇಲೆ ನಾನು ಪರವಾಗಿ ಮಾತ್ರ ಮಾತಾಡಿದರೆ ಅದು ಮೋಸವಲ್ಲ, ಯಾಕೆಂದರೆ ವಿರೋಧ ಹೇಳಲು ಬೇರೆ ಒಬ್ಬರು ಇರುತ್ತಾರೆ.

"ಇಲ್ಲಿ ಯಾರಿದಾರೆ?"

ಉತ್ತರ ಕೊಟ್ಟದ್ದು ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಚಿಕ್ಕಪ್ಪ.

"ನಾನಿದೀನಲ್ಲ."

ಶುರು ಮಾಡಿದರು. ಮಳೆ ಪಕ್ಕದ ಗುಡ್ಡಕ್ಕೆ ಬಂದು ನಮಗೆ ಬಾರದೇ ಹೋಗಬಹುದು. ಬಂದರೂ ಸಾಲದೆ ಮೊಗ್ಗು ಹಾಗೇ ಉಳಿಯಬಹುದು. ಅರಳಿತೋ, ತೋಟದ ತುಂಬ ಜೇನುಹುಳ. ಸೆಂಟು ಹಾಕಿಕೊಂಡು ಬಂದವರ ಗತಿ ಕೇಳುವುದೇ ಬೇಡ. ಟಾರು ರಸ್ತೆಯಿಂದ ಈಚೆ ಜೀಪೇ ಆಗಬೇಕು. ಮಳೆ ಬಂದರೆ ಫೋನಿಲ್ಲ. ಒಂದು ದಿನ ತಡವಾಗಿ ಬಂದರೆ ನೋಡಲು ಸಿಗುವುದು ಕಾಫಿ ಚರಟದ ಬಣ್ಣದ ಹೂ. "ನನ್ನ ಕೇಳಿದ್ರೆ ಬರ್ಲೇಬೇಡಿ."

ಚಿಕ್ಕಮ್ಮ ನನ್ನ ಕಡೆ ತಿರುಗಿದರು. "ಬರ್ಕೊಂಡ್ಯಾ?"

"ಇದನ್ನಾ?"

"ಮತ್ತೆಂತ? ನಿನ್ನ ಹುಡುಗಿ ತೆಗಿ. ಗಡಿಯಾರ ತೆಗಿ. ಇವ್ರನ್ನ ಹಾಕು."

"ನನ್ನ ಫೋಟೋ ಹಾಕದು ಬೇಡ," ಎಂದರು ಚಿಕ್ಕಪ್ಪ.

"ಫೋಟೋ ಯಾರಿಗೆ ಬೇಕು? ನಿಮ್ಮ ಬಾಯಿ ಸಾಕು."

ಪುಟ ಚಿಕ್ಕಮ್ಮ ಹೇಳಿದ ಹಾಗೇ ಇಂಟರ್ನೆಟ್ಟಿಗೆ ಹೋಯಿತು. ಮೇಲೆ 'ಬರಬೇಡಿ ಎನ್ನುತ್ತಾರೆ ಮನೆಯ ಯಜಮಾನರು' ಎಂಬ ತಲೆಬರಹ, ಅದರಡಿ ಅವರ ಕಾರಣಗಳು, ಅವರದೇ ಮಾತಿನಲ್ಲಿ. ಕೊನೆಗೆ ಒಂದೇ ಖಾನೆ: 'ಆದರೂ ಮಳೆ ಬಂದರೆ ತಿಳಿಸಬೇಕೆ? ಇಮೇಲ್ ಕೊಡಿ.'

ಜನ ಕೊಡತೊಡಗಿದರು. ನಿಜ ಹೇಳಿದ್ದಕ್ಕೇ ಕೊಟ್ಟರು ಎಂದು ನಾನು ಈಗಲೂ ಒಪ್ಪುವುದಿಲ್ಲ. ನನ್ನ ಮೊದಲ ಪುಟವನ್ನು ಹೊರಗಿನವರು ಯಾರೂ ನೋಡಿರಲಿಲ್ಲ, ಹೋಲಿಸುವುದು ಯಾವುದರ ಜೊತೆ? ಒಂದೇ ಪಕ್ಷ ಕೇಳಿ ತೀರ್ಪು ಕೊಟ್ಟವರ ಜೊತೆ ನಾನು ಹಿಂದೆ ಜಗಳವಾಡಿದ್ದುಂಟು. ಇದನ್ನು ಚಿಕ್ಕಮ್ಮನಿಗೆ ವಿವರಿಸಿದೆ. "ಹೌದಾ," ಎಂದು ಅವರು ದಿಂಬಿನ ಕವರು ಒಗೆಯಲು ಹೋದರು.

ಮಾರ್ಚಿನ ಒಂದು ಸಂಜೆ ಚಿಕ್ಕಮಗಳೂರಿನಲ್ಲಿದ್ದ ನನಗೆ ಚಿಕ್ಕಪ್ಪನ ಫೋನು ಬಂತು. ತೋಟದ ಮನೆಯಲ್ಲಿ ನೆಟ್‌ವರ್ಕ್ ಹೋಗಿತ್ತು. ಸಿಗ್ನಲ್ ಸಿಗುವ ತಿರುವಿನವರೆಗೆ ಜೀಪಿನಲ್ಲಿ ಬಂದಿದ್ದರು.

"ಮಳೆ ಬಂತು. ಕಳ್ಸು."

"ಸಾಕಾಗುವಷ್ಟು ಬಂತಾ ಚಿಕ್ಕಪ್ಪ?"

"ಬಂತು. ಆದ್ರೆ ಹೂವಾಗುತ್ತೆ ಅನ್ನಕ್ಕೆ ಗ್ಯಾರಂಟಿ ಇಲ್ಲ ಅಂತ ಹಾಕು. ಜೇನಿನ ವಿಷ್ಯ ಇನ್ನೊಂದ್ಸಲ ಹಾಕು."

ಹಾಕಿದೆ. ಎರಡೂ ಕೋಣೆ ತುಂಬಿದವು.

ಹೂ ಅರಳಿದ ಬೆಳಿಗ್ಗೆ ನಾನೂ ಅಲ್ಲಿದ್ದೆ. ಬಂದವರು ತೋಟ ಸುತ್ತಿ, ಫೋಟೋ ತೆಗೆದು, ಜಗಲಿಗೆ ಬಂದು, "ಬರಬೇಡಿ ಅಂದಿದ್ದು ನೀವೇನಾ ಸಾರ್?" ಎಂದು ಚಿಕ್ಕಪ್ಪನ ಪಕ್ಕ ಕೂತರು.

"ಹೌದು. ಮತ್ತೆ ಎಂತಕ್ಕೆ ಬಂದ್ರಿ?" ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಉತ್ತರದಿಂದ ಸಮಾಧಾನವಾಗದೆ, ಮಳೆಗಾಲದಲ್ಲಿ ಬಂದರೆ ಆಗುವ ತೊಂದರೆಗಳನ್ನೂ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಸಮೇತ ವಿವರಿಸಿದರು. ಕೇಳುತ್ತಿದ್ದ ಒಬ್ಬಾಕೆ ಜುಲೈಗೆ ಕೋಣೆ ಹಿಡಿದರು.

ಅವತ್ತೇ ಗೊಬ್ಬರದ ಲೋಡು ಬಂತು. ಎಲ್ಲಿ ಇಳಿಸಬೇಕೆಂದು ಡ್ರೈವರ್ ಕೇಳಿದ. ಚಿಕ್ಕಪ್ಪ ಕೋಣೆಗಳ ಕಡೆ ನೋಡಿದರು. ತಂತಿಯ ಮೇಲೆ ಯಾರದೋ ಟವೆಲ್ ಒಣಗುತ್ತಿತ್ತು. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು.

"ಜೀಪಿನ ಶೆಡ್ಡಿಗೆ ಹಾಕು," ಎಂದರು ಚಿಕ್ಕಪ್ಪ.

ಈಗ ಚೀಲಗಳು ಶೆಡ್ಡಿನಲ್ಲಿವೆ, ಜೀಪು ಅಂಗಳದಲ್ಲಿ ಹರಿದ ಟಾರ್ಪಾಲಿನ ಅಡಿ ನಿಂತಿದೆ. ಅದನ್ನೂ ಪುಟಕ್ಕೆ ಸೇರಿಸಬೇಕಂತೆ, ಚಿಕ್ಕಪ್ಪನ ಅಪ್ಪಣೆ: ಕರೆದುಕೊಂಡು ಬರಲು ಜೀಪು ಬರುತ್ತದೆ, ಸೀಟು ಒದ್ದೆಯಿರುತ್ತದೆ.